ತೇಲುವ ನೊಣಗಳ ಅಕ್ಕ

ಅಕ್ಕನ ಕೆಳತುಟಿಯ ಬಲಗಡೆ ಅಕ್ಕಿಕಾಳಿನಷ್ಟು ಜಾಗ ಬಣ್ಣ ಮಾಸಿ ಬೆಳ್ಳಗಾಗಿತ್ತು. ಸುಟ್ಟ ಕಲೆಯಲ್ಲ, ಹುಟ್ಟಿನಿಂದ ಬಂದ ಮಚ್ಚೆಯೂ ಅಲ್ಲ. ಇಪ್ಪತ್ತಾರು ವರ್ಷ, ದಿನಕ್ಕೆ ನೂರಾರು ಸಲ, ಜಿಂಕೆಯ ಕೂದಲಿನ ಎಳೆಗಳನ್ನು ಅದೇ ಜಾಗದ ಮೇಲೆ ಎಳೆದು ಎಳೆದು ಆದ ಗುರುತು. ಕೂದಲು ಒಳಗೆ ಟೊಳ್ಳೋ ಗಟ್ಟಿಯೋ ಎಂಬುದನ್ನು ಅವರು ತುಟಿಯಿಂದಲೇ ಕಂಡುಹಿಡಿಯುತ್ತಿದ್ದರು. ಮೇಣ, ವಾರ್ನಿಷು ಮೆತ್ತಿ ಮೆತ್ತಿ ಬೆರಳ ತುದಿಗಳು ಜಡ್ಡುಗಟ್ಟಿದ್ದವು.

"ಬೆರಳಿಗೆ ಈಗ ಏನೂ ತಿಳ್ಯಂಗಿಲ್ಲ ತಮ್ಮಾ. ತುಟಿಗಿ ತಿಳಿತೈತಿ" ಎನ್ನುತ್ತಿದ್ದರು.

ವಡೋದರಾದ ಗೋರ್ವಾದಲ್ಲಿ, ಪಂಪು ರಿಪೇರಿ ಮಾಡುವ ಶೆಡ್ಡೊಂದರ ಮೇಲಿನ ಮಹಡಿಯಲ್ಲಿ ನಮ್ಮ ಘಟಕವಿತ್ತು. ಘಟಕವೆಂದರೆ ಎರಡು ಸಾಲು ಮೇಜು, ಹದಿನಾಲ್ಕು ಹೆಂಗಸರು, ಪ್ರತಿಯೊಬ್ಬರ ಮುಂದೆಯೂ ಮೀನಿನ ಗಾಳವನ್ನು ಕಚ್ಚಿ ಹಿಡಿಯುವ ಒಂದು ಪುಟ್ಟ ಇಕ್ಕಳ. ಅಲ್ಲಿ ಕಟ್ಟುತ್ತಿದ್ದದ್ದು ನೊಣ. ಗಾಳಕ್ಕೆ ಕೂದಲು, ಗರಿ, ನೂಲು ಸುತ್ತಿ ಮಾಡಿದ ಸುಳ್ಳು ನೊಣ. ಎಲ್ಲೋ ತಣ್ಣನೆಯ ದೇಶಗಳಲ್ಲಿ ಜನ ಮೊಣಕಾಲುದ್ದ ಹೊಳೆಯಲ್ಲಿ ನಿಂತು ಇವನ್ನು ನೀರಿನ ಮೇಲೆ ಬೀಸಿ ಎಸೆಯುತ್ತಾರೆ. ನಿಜವಾದ ಹುಳುವೆಂದು ಮೀನು ಮೇಲೆದ್ದು ಬಾಯಿ ಹಾಕುತ್ತದೆ. ಮುಳುಗುವ ನೊಣಗಳೂ ಇವೆ, ತೇಲುವವೂ ಇವೆ. ತೇಲುವವಕ್ಕೆ ವ್ಯಾಪಾರದಲ್ಲಿ ಡ್ರೈ ಫ್ಲೈ ಎಂದು ಹೆಸರು. ಹೆಂಗಸರು ಮಾತ್ರ ಎಲ್ಲವನ್ನೂ 'ಮಾಖಿ' ಎಂದೇ ಕರೆಯುತ್ತಿದ್ದರು, ಗುಜರಾತಿಯಲ್ಲಿ ನೊಣಕ್ಕೆ ಇರುವ ಮಾತು.

ಗಾಳ ಲೋಹದ್ದು. ನೀರಿಗೆ ಬಿದ್ದರೆ ಅದು ತಳಕ್ಕೇ ಹೋಗಬೇಕು. ಅದನ್ನು ಮೇಲೆ ಹಿಡಿದು ನಿಲ್ಲಿಸುವುದು ನೊಣದ ಮೈ. ಆ ಮೈಯನ್ನು ಯಾವುದರಿಂದ ಮಾಡಬೇಕು ಎನ್ನುವುದು ಆ ಮಹಡಿಯಲ್ಲಿ ಒಬ್ಬರಿಗೇ ಸರಿಯಾಗಿ ಗೊತ್ತಿತ್ತು. ವಿದೇಶದ ಗಿರಾಕಿಗಳು ಕಾಗದಪತ್ರ ಸಮೇತ ಕಳಿಸುತ್ತಿದ್ದ ಜಿಂಕೆಚರ್ಮದ ತುಂಡುಗಳಲ್ಲಿ ಯಾವ ಭಾಗದ ಕೂದಲು ತೆಗೆಯಬೇಕು, ಬಾತುಕೋಳಿಯ ಯಾವ ಗರಿಗೆ ಎಣ್ಣೆಯ ಅಂಶ ಇದೆ, ಸೂರತ್‌ನಿಂದ ಬರುವ ನೂಲುಗಳಲ್ಲಿ ಯಾವುದು ನೀರು ಕುಡಿಯುವುದಿಲ್ಲ, ಎಲ್ಲವೂ ಮೇಲ್ವಿಚಾರಕಿಯಾಗಿದ್ದ ಅಕ್ಕನ ಕೈ ದಾಟಿ, ತುಟಿ ದಾಟಿ ಮೇಜುಗಳಿಗೆ ಹೋಗಬೇಕಿತ್ತು. ಇಷ್ಟೆಲ್ಲ ಮಾಡುತ್ತಿದ್ದ ಅವರು ಮೀನು ತಿಂದವರಲ್ಲ. ಹೊಳೆಯಲ್ಲಿ ಗಾಳ ಬೀಸುವವರನ್ನು ಕಣ್ಣಾರೆ ಕಂಡವರೂ ಅಲ್ಲ.

"ಮೀನಿಗಿ ಮೋಸ ಮಾಡೋ ಕೆಲಸ ಇದು. ಅದಕ್ಕ ನಮ್ಮ ಕಡಿಂದ ಒಂದೀಟೂ ಮೋಸ ಇರಬಾರದು" ಎನ್ನುವುದು ಅವರು ಆಗಾಗ ಹೇಳುತ್ತಿದ್ದ ಮಾತು. ಹೇಳಿ ತಾವೇ ನಗುತ್ತಿದ್ದರು.

ನಾನು ತುಮಕೂರಿನವನು. ಜವಳಿ ಡಿಪ್ಲೊಮಾ ಮುಗಿಸಿ, ಇಪ್ಪತ್ಮೂರನೆಯ ವಯಸ್ಸಿನಲ್ಲಿ ಗುಣಮಟ್ಟ ನೋಡುವ ಕೆಲಸಕ್ಕೆಂದು ಅಲ್ಲಿಗೆ ಬಂದೆ. ಮೊದಲ ದಿನ ನಾನು ಫೋನಿನಲ್ಲಿ ಅಮ್ಮನ ಜೊತೆ, "ಊಟ ಆಯ್ತಮ್ಮ, ಎಲ್ಲದಕ್ಕೂ ಸಕ್ಕರೆ ಹಾಕ್ತಾರೆ" ಎಂದು ಹೇಳುತ್ತಿದ್ದಾಗ ಕಿಟಕಿಯ ಪಕ್ಕದ ಮೇಜಿನಿಂದ ಒಬ್ಬ ಹೆಂಗಸು ಎದ್ದು ನನ್ನ ಎದುರು ಬಂದು ನಿಂತರು. ಐವತ್ತರ ಆಸುಪಾಸು, ಗುಜರಾತಿ ಸೆರಗು, ಹಣೆಯಲ್ಲಿ ವಿಭೂತಿಯ ತೆಳು ಗೆರೆ.

"ಕನ್ನಡ?" ಎಂದರು.

"ಹೌದು."

"ಏನರ ಮಾತಾಡು."

"ನಿಮ್ಮೂರು ಯಾವುದು?" ಎಂದು ಕೇಳಿದೆ.

"ಗದಗ. ಹನ್ನೆರಡು ವರ್ಷದಾಕಿ ಇದ್ದಾಗ ಬಂದ್ವಿ, ಅಪ್ಪಗ ರೇಲ್ವೆದಾಗ ಬದಲಿ ಆತು. ಅವ್ವ ಹ್ವಾದ ಮ್ಯಾಲೆ ನನಗ ಕನ್ನಡ ಮಾತಾಡಾಕ ಯಾರೂ ಇಲ್ಲ ನೋಡು. ತಂಗಿ ಅದಾಳ. ಆಕಿಗೆ ಕೇಳಂಗಿಲ್ಲ."

ಹುಟ್ಟಿನಿಂದಲೇ ಕಿವಿ ಕೇಳದ, ಮಾತು ಬಾರದ ಆ ತಂಗಿ ಅಕ್ಕನ ಬಲಗಡೆಯ ಮೇಜಿನಲ್ಲೇ ಕೂರುತ್ತಿದ್ದಳು. ಶಾಲೆಗೆ ಹೋದವಳಲ್ಲ. ಆ ಮಹಡಿಯಲ್ಲಿ ಅವಳಷ್ಟು ಚುರುಕಾಗಿ ಕಟ್ಟುವವರು ಬೇರೆ ಇರಲಿಲ್ಲ. ಅಕ್ಕತಂಗಿಯರು ತಾವೇ ಮಾಡಿಕೊಂಡ ಕೈಸನ್ನೆಗಳಲ್ಲಿ ಇಡೀ ದಿನ ಹರಟುತ್ತಿದ್ದರು. ಜಗಳವಾಡಿದಾಗ ಕೈಗಳು ಗಾಳಿಯಲ್ಲಿ ಪಟಪಟ ಹೊಡೆದಾಡುತ್ತಿದ್ದವು. ತಂಗಿಗೆ ಬಹಳ ಸಿಟ್ಟು ಬಂದರೆ ಅಕ್ಕನಿಂದ ಮುಖ ತಿರುಗಿಸಿ ಕೂತುಬಿಡುತ್ತಿದ್ದಳು. "ಮುಗೀತು, ಈಗ ನಾ ಏನ ಅಂದರೂ ಆಕಿಗೆ ಮುಟ್ಟಂಗಿಲ್ಲ" ಎಂದು ಅಕ್ಕ ನಗುತ್ತಿದ್ದರು.

ಅಲ್ಲಿದ್ದ ಎಲ್ಲರೂ ಅವರನ್ನು ಗುಜರಾತಿ ರೂಢಿಯಂತೆ 'ಬೆನ್', ಅಂದರೆ ಸಹೋದರಿ, ಎನ್ನುತ್ತಿದ್ದರು. ನಾನೊಬ್ಬ ಅಕ್ಕ ಎಂದೆ. ಶ್ರಾವಣದ ಹುಣ್ಣಿಮೆಗೆ ತಂಗಿ ನನಗೆ ರಾಖಿ ಕಟ್ಟಿದಳು, ಕೆಂಪು ನೂಲಿಗೆ ಬಾತುಕೋಳಿಯ ಗರಿ ಸೇರಿಸಿ ತಾನೇ ಮಾಡಿದ್ದು. ಅವಳಿಗೆ ಅಣ್ಣತಮ್ಮಂದಿರು ಯಾರೂ ಇರಲಿಲ್ಲ. "ಮುಂಜಾನಿಂದ ನಿನ್ನ ದಾರಿ ಕಾಯಾಕತ್ತಾಳ. ಬ್ಯಾಡ ಅನಬ್ಯಾಡ" ಎಂದು ಅಕ್ಕ ಪಿಸುಗುಟ್ಟಿದರು, ಅವಳಿಗೆ ಕೇಳಿಸದು ಎನ್ನುವುದನ್ನೂ ಮರೆತು.

ಡಿಪ್ಲೊಮಾ ಕಾಲೇಜಿನಲ್ಲಿ ನಾನು ಕಲಿತ ನೂಲಿನ ಲೆಕ್ಕಾಚಾರವೆಲ್ಲ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಅಕ್ಕನೇ ಕಲಿಸಿದರು. ಜಿಂಕೆಯ ಕಾಲಿನ ಕೂದಲು ಗಟ್ಟಿ, ನೂಲು ಬಿಗಿದರೂ ಬಾಗದು. ಬೆನ್ನು, ಪಕ್ಕೆಯ ಚಳಿಗಾಲದ ಕೂದಲು ಒಳಗೆ ಟೊಳ್ಳು. ನೂಲು ಬಿಗಿದ ಕೂಡಲೇ ಸೇವಂತಿಗೆಯಂತೆ ಅರಳಿ ನಿಲ್ಲುತ್ತದೆ, ಒಳಗೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಮಿಡತೆಯಂಥ ದಪ್ಪ ಹುಳುಗಳಿಗೆ ಕೂದಲು ಸಾಲದು, ಫೋಮ್ ಹಾಳೆ ಬೇಕು. ಆದರೆ ಎಲ್ಲ ಫೋಮೂ ಆಗುವುದಿಲ್ಲ. ಅಕ್ಕ ಹಾಳೆಯ ಮೂಲೆ ಕತ್ತರಿಸಿ, ಸ್ಟೀಲ್ ಲೋಟದ ನೀರಿನಲ್ಲಿ ಮುಳುಗಿಸಿ, ಉಗುರಿನಿಂದ ಒತ್ತಿ ಹಿಡಿಯುತ್ತಿದ್ದರು.

"ಗುಳ್ಳಿ ಬರ್ತಾವೇನು ನೋಡು. ಬಂದ್ವು ಅಂದ್ರ ಒಳಗಿನ ಮನಿ ಬಾಗಲಾ ತಗದಾವ ಅಂತ. ಗಾಳಿ ಹೊರಗ ಬರ್ತೈತಿ, ನೀರು ಒಳಗ ಹೋಗ್ತೈತಿ. ಇದು ಮ್ಯಾಗ ನಿಲ್ಲಂಗಿಲ್ಲ."

ಮಾದರಿಗೆ ಯಾವಾಗಲೂ ಕಟ್ಟಿನ ನಡುವಿನಿಂದ ಹಾಳೆ ಎಳೆಯುತ್ತಿದ್ದರು. "ಮ್ಯಾಲಿಂದು ಅಂಗಡಿಯಾಂವ ತೋರ್ಸೋದು. ನಡುವಿಂದು ನಾವು ನೋಡೋದು." ಕಟ್ಟಿ ಮುಗಿದ ನೊಣಗಳಿಗೂ ಬಿಡುಗಡೆಯಿರಲಿಲ್ಲ. ಪ್ರತಿ ಡಬ್ಬಿಯಿಂದ ಐದನ್ನು ಲೋಟಕ್ಕೆ ಹಾಕಿ, ಬೆರಳಿನಿಂದ ಮುಳುಗಿಸಿ, ತೆಗೆದು, ಸೆರಗಿನಲ್ಲಿ ಹಿಂಡಿ, ಮತ್ತೆ ಹಾಕಿ, ಹಾಗೆ ಮೂರು ಸಲ. ಆಮೇಲೆ ಎಲ್ಲರೂ ಚಹಾ ಕುಡಿಯುವುದು. ಚಹಾ ಮುಗಿಯುವವರೆಗೆ ನೊಣ ನೀರಿನ ಮೇಲೇ ಇದ್ದರೆ ಆ ಡಬ್ಬಿಯ ಮೇಲೆ ಅಕ್ಕ ಗುಜರಾತಿಯಲ್ಲಿ ತಮ್ಮ ಸಹಿ ಹಾಕುತ್ತಿದ್ದರು.

ನಾನು ಬಂದ ಎರಡನೆಯ ವರ್ಷ, ನೂಲಿಗೆ ಹೊಸೆದು ಸಣ್ಣ ನೊಣಗಳ ಮೈಗೆ ಸುತ್ತುವ ತುಪ್ಪಳದ ಪುಡಿ ವಿದೇಶದಿಂದ ಬರುವುದು ತಡವಾಯಿತು. ಆರ್ಡರ್ ಕೈತಪ್ಪುವ ಹಂತಕ್ಕೆ ಬಂತು. ಬೇಸಿಗೆ ಶುರುವಾಗಿತ್ತು, ಗೋರ್ವಾದ ರಸ್ತೆ ಬದಿಯಲ್ಲಿ ಬೂರುಗದ ಕಾಯಿಗಳು ಒಡೆದು ಅರಳೆ ಗಾಳಿಯಲ್ಲಿ ಹಾರುತ್ತಿತ್ತು. ಅಕ್ಕ ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಚೀಲದ ತುಂಬ ಅದನ್ನೇ ಆರಿಸಿಕೊಂಡು ಬಂದರು.

"ಸಣ್ಣಾಕಿದ್ದಾಗ ಇದರ ಗಾದಿ ಮ್ಯಾಲೆ ನೀರು ಚೆಲ್ಲಿ ಅವ್ವನ ಕೈಲೆ ಏಟು ತಿಂದಿದ್ದೆ. ಅರಳಿ ಹಸಿ ಆಗಿರಲಿಲ್ಲ, ನೀರು ಮ್ಯಾಲೆ ಮ್ಯಾಲೆ ಉರುಳಿ ಹೋಗಿತ್ತು. ಈಗ ನೆಪ್ಪಾತು."

ಬೂರುಗದ ಅರಳೆ ನೀರು ಹಿಡಿಯುವುದಿಲ್ಲ, ನಿಜ. ಆದರೆ ನುಣುಪು, ನೂಲಿನ ಸುತ್ತ ತಿರುಚಿದರೆ ಜಾರಿ ಬೀಳುತ್ತದೆ. ಹನ್ನೆರಡು ದಿನ ಅಕ್ಕ ಅದರ ಹಿಂದೆ ಬಿದ್ದರು. ಕೊನೆಗೆ ಸೂರತ್‌ನ ಪಾಲಿಪ್ರೊಪಿಲಿನ್ ನೂಲನ್ನು ಉಗುರಿನ ಉದ್ದಕ್ಕೆ ಕತ್ತರಿಸಿ, ಬಿಡಿಸಿ, ಮೂರು ಚಿಟಿಕೆ ಅರಳೆಗೆ ಒಂದು ಚಿಟಿಕೆಯಂತೆ ಬೆರೆಸಿದಾಗ ಅದು ಹಿಡಿದುಕೊಂಡಿತು. ತಂಗಿ ಅದರಿಂದ ಮೊದಲ ನೊಣ ಕಟ್ಟಿದಳು. ಲೋಟಕ್ಕೆ ಹಾಕಿದೆವು. ಎರಡು ಚಹಾ ಆಯಿತು, ಊಟವೂ ಆಯಿತು, ನೊಣ ಮೇಲೇ ಇತ್ತು. ತಂಗಿ ಎದ್ದು ನಿಂತು ಎರಡು ಕೈಯಿಂದ ಮೇಜು ಬಡಿದಳು. ಗಿರಾಕಿಗಳಿಂದ ಬಂದ ಉತ್ತರ ನೋಡಿದರೆ ಅವರೂ ಹಾಗೇ ಬಡಿದಿರಬೇಕು. ಹಳೆಯ ಪುಡಿ ಬೇಡ, ಇದೇ ಬೇಕು ಎಂದರು. ತಯಾರಿಯ ವಿವರ ಬರೆದು ಕಳಿಸಿ ಎಂದೂ ಕೇಳಿದರು.

ಬರೆದವನು ನಾನು. ಇಂಗ್ಲಿಷಿನಲ್ಲಿ ಎರಡು ಪುಟ. ಅಹಮದಾಬಾದಿನಲ್ಲಿದ್ದ ನಮ್ಮ ಮಾಲೀಕ ಶೇಠ್ ಕರಡು ನೋಡಿ, "ಕೆಲಸದ ಹೆಂಗಸಿನ ಹೆಸರು ಯಾಕೆ? ಗುಣಮಟ್ಟ ವಿಭಾಗ ಮಾಡಿದ್ದು ಅಂತ ಹಾಕು, ಕೆಳಗೆ ನಿನ್ನ ಹೆಸರು ಹಾಕು" ಎಂದರು. ನಾನು ಹಾಕಿದೆ. ಒತ್ತಾಯ ಮಾಡಿದರು ಎಂದು ಹೇಳಿಕೊಳ್ಳಲೂ ಆಗದು. ಅವರು ಒಂದೇ ಸಲ ಹೇಳಿದ್ದು.

ಅಕ್ಕನಿಗೆ ಗುಜರಾತಿ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಕಾಗದ ಹೋಗುವ ಮುಂಚೆ, "ಏನ ಬರದಿ, ಕನ್ನಡದಾಗ ಓದಿ ಹೇಳು" ಎಂದರು. ನಾನು ಮೇಜಿನ ತುದಿಯಲ್ಲಿ ಕೂತು ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸುತ್ತ ಹೋದೆ. ಗುಣಮಟ್ಟ ವಿಭಾಗ ಎಂದಿದ್ದ ಕಡೆಯೆಲ್ಲ ಅಕ್ಕನ ಹೆಸರು ಸೇರಿಸಿ ಓದಿದೆ. ಅವರ ಕಣ್ಣು ತುಂಬಿ ಬಂತು. ತಂಗಿಯ ಭುಜ ತಟ್ಟಿ ಕರೆದು, ಕೈಸನ್ನೆಯಲ್ಲಿ ಎಲ್ಲ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಹೆಸರು ಯಾವುದು, ತೋರ್ಸು" ಎಂದರು.

ನಾನು ಬೆರಳಿಟ್ಟೆ. ಬೆರಳು ಬಿದ್ದದ್ದು 'ಪಾಲಿಪ್ರೊಪಿಲಿನ್' ಎಂಬ ಪದದ ಕೆಳಗೆ.

"ಇಷ್ಟುದ್ದ ಆಗ್ತೈತೇನು ಇಂಗ್ಲಿಷ್‌ನಾಗ?" ಎಂದು ನಕ್ಕರು. ಒಂದು ಪ್ರತಿ ಕೇಳಿ ತೆಗೆದುಕೊಂಡು ಮಡಚಿ ಕುಪ್ಪಸದಲ್ಲಿಟ್ಟುಕೊಂಡರು.

ಆರು ತಿಂಗಳಲ್ಲಿ ನನಗೆ ಅಹಮದಾಬಾದಿನ ಮುಖ್ಯ ಕಚೇರಿಗೆ ಬಡ್ತಿ ಸಿಕ್ಕಿತು. ನವರಂಗಪುರದಲ್ಲಿ ಕಚೇರಿ, ಅಲ್ಲೇ ಹತ್ತಿರದಲ್ಲಿ ಇಬ್ಬರು ಕನ್ನಡದ ಹುಡುಗರ ಜೊತೆ ಬಾಡಿಗೆಯ ಫ್ಲಾಟು. ವಾರಕ್ಕೊಮ್ಮೆ ರೈಲಿನಲ್ಲಿ ವಡೋದರಾಕ್ಕೆ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಅಕ್ಕ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ತುಂಬಿ ಇಟ್ಟಿರುತ್ತಿದ್ದರು. ಬುಧವಾರ ನಾನು ಬರುವ ದಿನ. ಅಂದು ಅಕ್ಕನ ಬಾಯಿಗೆ ಬಿಡುವಿಲ್ಲ ಎಂದು ಹೆಂಗಸರು ತಮಾಷೆ ಮಾಡುತ್ತಿದ್ದರು. ವಾರವಿಡೀ ಕೂಡಿಟ್ಟ ಕನ್ನಡವನ್ನು ಅಂದೇ ಖಾಲಿ ಮಾಡುತ್ತಿದ್ದರು.

ಮರುವರ್ಷ ದೊಡ್ಡ ಆರ್ಡರೊಂದು ಬಂತು. ಎಲ್ಲ ಮಿಡತೆಗಳೇ, ಎಲ್ಲ ಫೋಮ್ ಮೈಯವೇ. ಶೇಠ್ ಸೂರತ್‌ನ ಒಬ್ಬ ವ್ಯಾಪಾರಿಯಿಂದ ಅಗ್ಗದ ಹಾಳೆ ತರಿಸಿದರು. ಅಕ್ಕ ಮೂಲೆ ಕತ್ತರಿಸಿ, ಲೋಟದಲ್ಲಿ ಮುಳುಗಿಸಿ ಒತ್ತಿದರು. ಸಾಬೂನು ನೊರೆಯಂತೆ ಗುಳ್ಳೆ ಎದ್ದವು.

"ಇದು ನಡಿಯಂಗಿಲ್ಲ. ತಿರುಗಿ ಕಳಸ್ರಿ" ಎಂದು ನನಗೆ ಫೋನ್ ಮಾಡಿ ಹೇಳಿದರು.

ಶೇಠ್ ನನ್ನನ್ನು ಕರೆದರು. ತಿರುಗಿ ಕಳಿಸಿದರೆ ಹೊಸ ಹಾಳೆ ಬರಲು ಮೂರು ವಾರ ಬೇಕು. ಅಷ್ಟರಲ್ಲಿ ಆರ್ಡರ್ ಹೋಗುತ್ತದೆ. "ಆ ಬೆನ್ ನಿನ್ನ ಮಾತು ಕೇಳುತ್ತಾಳಲ್ಲ, ನೀನೇ ಹೋಗಿ ಹೇಗಾದರೂ ದಾಟಿಸು" ಎಂದರು. ಮೀನಿಗೇನು ಗೊತ್ತಾಗುತ್ತದೆ ಎಂದು ನಾನೂ ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಶೇಠ್ ನನ್ನನ್ನು ಕರೆದು ಹೇಳಿದರಲ್ಲ ಎನ್ನುವ ಹೆಮ್ಮೆಯಿತ್ತು.

ಕಚೇರಿಯ ಮಾದರಿ ಕಪಾಟಿನಲ್ಲಿ ಹಳೆಯ ಒಳ್ಳೆಯ ಫೋಮಿನ ಒಂದು ಹಾಳೆ ಉಳಿದಿತ್ತು. ಅದನ್ನು ಚೀಲದಲ್ಲಿಟ್ಟುಕೊಂಡು ಗೋರ್ವಾಕ್ಕೆ ಹೋದೆ. ವಾಪಸ್ ಕಳಿಸುವ ನೆಪದಲ್ಲಿ ಮೊದಲೇ ಅಲ್ಲಿಂದ ತರಿಸಿಕೊಂಡಿದ್ದ ಅಗ್ಗದ ಹಾಳೆಗಳನ್ನೇ ಬೇರೆ ಕಾಗದದಲ್ಲಿ ಸುತ್ತಿಸಿ ಹೊಸ ಲಾಟ್ ಬಂದಿದೆ ಎಂದೆ. ಅಕ್ಕ ಕಟ್ಟು ಬಿಚ್ಚಲು ಕೈ ಹಾಕಿದರು.

"ಬಿಡಿ ಅಕ್ಕಾ, ನಾನೇ ನಡುವಿಂದ ತೆಗ್ದಿದ್ದೀನಿ" ಎಂದು ಚೀಲದಲ್ಲಿದ್ದ ಹಾಳೆ ಕೊಟ್ಟೆ.

ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಅದರ ಮೂಲೆ ಕತ್ತರಿಸಿ ನೀರಿನಲ್ಲಿ ಒತ್ತಿದರು. ಒಂದು ಗುಳ್ಳೆಯೂ ಬರಲಿಲ್ಲ. "ಬರೋಬರಿ ಐತಿ" ಎಂದು ತಪಾಸಣೆಯ ಪುಸ್ತಕದಲ್ಲಿ ಸಹಿ ಮಾಡಿದರು.

ಮರುದಿನ ಮಿಡತೆ ಕಟ್ಟಲು ಶುರುವಾಯಿತು. ನಾನೂ ಅಲ್ಲೇ ಉಳಿದಿದ್ದೆ. ಹತ್ತು ನಿಮಿಷವೂ ಆಗಿರಲಿಲ್ಲ, ತಂಗಿ ಎದ್ದು ಬಂದು ಫೋಮಿನ ತುಂಡನ್ನು ಅಕ್ಕನ ಮುಂದಿಟ್ಟಳು. ನೂಲು ಬಿಗಿದರೆ ಅದು ಮೆತ್ತಗೆ ಕುಸಿಯುತ್ತಿದೆ, ಕತ್ತರಿಸಿಹೋಗುತ್ತಿದೆ ಎಂದು ಕೈ ಆಡಿಸಿ ಹೇಳಿದಳು. ಅಕ್ಕ ನನ್ನ ಕಡೆ ನೋಡಿದರು.

"ಹೊಸ ಲಾಟ್ ಅಲ್ವಾ ಅಕ್ಕಾ, ಸ್ವಲ್ಪ ಮೆತ್ತಗಿದೆ. ನೀವೇ ನೀರಲ್ಲಿ ನೋಡಿದ್ರಲ್ಲ."

"ಹೌದು, ನೋಡೀನಿ" ಎಂದು ತಂಗಿಗೆ ಸುಮ್ಮನೆ ಕಟ್ಟು ಎಂದು ಸನ್ನೆ ಮಾಡಿದರು. ತಂಗಿ ಮತ್ತೆ ತೋರಿಸಿದಳು. ಅಕ್ಕ ಗದರಿದರು. ತಂಗಿ ಮುಖ ತಿರುಗಿಸಿ ಕೂತಳು. ಡಬ್ಬಿಗಳು ತುಂಬುತ್ತಿದ್ದ ಹಾಗೇ, ಲೋಟದ ಪರೀಕ್ಷೆ ಈ ಸಲ ಅಹಮದಾಬಾದಿನಲ್ಲೇ ಆಗುತ್ತದೆ, ಸಮಯವಿಲ್ಲ ಎಂದು ಹೇಳಿ ಎಲ್ಲವನ್ನೂ ಸಾಗಿಸಿದೆ. ಅಲ್ಲಿ ಯಾರೂ ಪರೀಕ್ಷೆ ಮಾಡಲಿಲ್ಲ.

ಎರಡು ತಿಂಗಳ ಮೇಲೆ ಸರಕು ವಾಪಸಾಯಿತು. ಮಿಡತೆಗಳು ಮೊದಲ ಹತ್ತು ನಿಮಿಷ ತೇಲಿ, ಆಮೇಲೆ ನೀರು ಕುಡಿದು ಮುಳುಗುತ್ತಿದ್ದವು. ಯಾರು ಪರೀಕ್ಷಿಸಿ ಒಪ್ಪಿದ್ದು ಎಂದು ಗಿರಾಕಿಗಳು ಬರಹದಲ್ಲಿ ಕೇಳಿದರು. ವಡೋದರಾ ಘಟಕದ ಮೇಲ್ವಿಚಾರಕಿಯ ತಪಾಸಣೆಯಲ್ಲಿ ಲೋಪವಾಗಿದೆ ಎಂದು ನಾನೇ ಬರೆದೆ. ಪುಸ್ತಕದಲ್ಲಿ ಅವರ ಸಹಿ ಇತ್ತಲ್ಲ.

ಅಕ್ಕನನ್ನು ನವರಂಗಪುರದ ಕಚೇರಿಗೆ ಕರೆಸಿದರು. ಅವರು ಆ ಕಚೇರಿಗೆ ಬಂದದ್ದು ಅದೇ ಮೊದಲು, ಅದೇ ಕೊನೆ. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಶೇಠ್ ತಮ್ಮ ಮೇಜಿನ ಹಿಂದೆ, ನಾನು ಪಕ್ಕದಲ್ಲಿ. ಶೇಠ್ ಗುಜರಾತಿಯಲ್ಲಿ ಎಲ್ಲ ಹೇಳಿ ಮುಗಿಸಿದರು: ತಪ್ಪಾಗಿದೆ, ದೊಡ್ಡ ತಪ್ಪು, ನಾಳೆಯಿಂದ ಬರಬೇಡಿ.

ಅಕ್ಕ ಶೇಠ್ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದರು. ನಲವತ್ತು ವರ್ಷ ಗುಜರಾತಿನಲ್ಲಿದ್ದವರು; ಗುಜರಾತಿಯಲ್ಲೇ ಶೇಠ್‌ಗೆ ನೇರವಾಗಿ ಹೇಳಬಹುದಿತ್ತು. ಕನ್ನಡದಲ್ಲಿ, ಮೆಲ್ಲಗೆ ಮಾತಾಡಿದರು.

"ಆ ಕಾಗದದಾಗ ನನ್ನ ಹೆಸರು ಇಲ್ಲದ್ದು ನನಗ ಅವತ್ತ ಗೊತ್ತಾಗಿತ್ತು ತಮ್ಮಾ. ಆಧಾರ್ ಕಾರ್ಡಿನ ಜೋಡಿ ಹಿಡಿದು ನೋಡಿದ್ದೆ, ಒಂದ ಅಕ್ಷರನೂ ಕೂಡಲಿಲ್ಲ. ಅದನ್ನ ನಾ ಕೇಳಂಗಿಲ್ಲ. ಇದನ್ನ ಕೇಳ್ತೀನಿ. ನೀ ನನಗ ಕೊಟ್ಟ ಹಾಳಿ ಆ ಕಟ್ಟಿಂದು ಹೌದೋ ಅಲ್ಲೋ? ನಾ ಹೇಳಿದ್ರ ಇವರು ನಂಬಂಗಿಲ್ಲ. ನೀನ ಹೇಳು. ಅದಕ್ಕ ಕನ್ನಡದಾಗ ಕೇಳಾಕತ್ತೀನಿ."

"ಶು ಕಹೇ ಛೇ ಬೆನ್?" ಬೆನ್ ಏನು ಹೇಳುತ್ತಿದ್ದಾರೆ ಎಂದು ಶೇಠ್ ನನ್ನನ್ನು ಕೇಳಿದರು.

ನಿಜ ಹೇಳಿದ್ದರೆ ಏನಾಗುತ್ತಿತ್ತು? ಹಾಳೆ ತರಿಸಿದವರು ಶೇಠ್, ದಾಟಿಸು ಎಂದವರೂ ಅವರೇ. ಆದರೆ ಹೇಗೆ ದಾಟಿಸಿದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಹೇಳಿದ್ದರೆ ಬಹುಶಃ ನನ್ನ ಕೆಲಸ ಹೋಗುತ್ತಿತ್ತು. ನನಗೆ ಇಪ್ಪತ್ತಾರು, ಇನ್ನೊಂದು ಕೆಲಸ ಸಿಗುತ್ತಿತ್ತು. ಅಷ್ಟೇ. ಅದಕ್ಕಿಂತ ದೊಡ್ಡದೇನೂ ಆಗುತ್ತಿರಲಿಲ್ಲ.

"ಕಣ್ಣು ಮಂಜಾಗಿದೆಯಂತೆ, ಹಾಳೆ ಸರಿಯಾಗಿ ಕಾಣಲಿಲ್ಲವಂತೆ" ಎಂದು ಗುಜರಾತಿಯಲ್ಲಿ ಹೇಳಿದೆ.

ಅಕ್ಕನಿಗೆ ಒಂದೊಂದು ಶಬ್ದವೂ ಅರ್ಥವಾಗಿತ್ತು. ನನ್ನ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ. ನನ್ನ ಸುಳ್ಳನ್ನು ಅಲ್ಲೇ ಒಡೆಯುತ್ತಾರೆ ಎಂದು ಕಾದೆ. ಒಡೆದಿದ್ದರೆ ಚೆನ್ನಾಗಿತ್ತು. ಅವರು ಶೇಠ್ ಕಡೆ ತಿರುಗಿ, "ಹಾ ಶೇಠ್, ಮನೆ ದೇಖಾಯು ನಹೀಂ" ಎಂದರು. ಹೌದು ಶೇಠ್, ನನಗೆ ಕಾಣಲಿಲ್ಲ.

ಬಾಗಿಲು ಎಳೆದುಕೊಂಡು ಹೋದರು. ಆ ವಾರವೇ ತಂಗಿಯನ್ನೂ ತೆಗೆದರು. ಸನ್ನೆ ತಿಳಿಯುವ ಅಕ್ಕನಿಲ್ಲದೆ ಅವಳಿಂದ ಕೆಲಸ ತೆಗೆಯುವುದು ಹೇಗೆ ಎಂದು ಹೊಸ ಮೇಲ್ವಿಚಾರಕರು ಕೇಳಿದರಂತೆ.

ಅಕ್ಕನಿಲ್ಲದ ಘಟಕ ಎರಡು ವರ್ಷವೂ ನಡೆಯಲಿಲ್ಲ. ಬೂರುಗದ ಪುಡಿಯ ಹದ ಯಾರಿಗೂ ಬರಲಿಲ್ಲ. ನಾನು ಬರೆದ ಎರಡು ಪುಟ ನೋಡಿಕೊಂಡು ಮಾಡಿದವರ ಕೈಯಲ್ಲಿ ಅದು ಉದುರಿ ಬೀಳುತ್ತಿತ್ತು. ಗಿರಾಕಿಗಳು ಬೇರೆ ದೇಶಕ್ಕೆ ಹೋದರು. ನಾನು ಬೇರೆ ಕಂಪನಿ ಸೇರಿದೆ. ಅದೇ ಊರು, ಅದೇ ಫ್ಲಾಟು. ಮೆಟ್ರೊದಲ್ಲಿ ಯಾರಾದರೂ ಉತ್ತರ ಕರ್ನಾಟಕದ ಕನ್ನಡ ಮಾತಾಡುವುದು ಕಿವಿಗೆ ಬಿದ್ದರೆ ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುತ್ತಿದ್ದೆ.

ಅಕ್ಕತಂಗಿಯರು ಸೂರತ್‌ಗೆ ಹೋದರು ಎನ್ನುವುದಷ್ಟೇ ಗೊತ್ತಿತ್ತು. ಹುಡುಕಬಹುದಿತ್ತು. ಗೋರ್ವಾದ ಹೆಂಗಸರಲ್ಲಿ ಮೂವರ ನಂಬರು ನನ್ನ ಫೋನಿನಲ್ಲೇ ಇತ್ತು. ನಾಲ್ಕು ವರ್ಷ ಹುಡುಕಲಿಲ್ಲ. ಕಳೆದ ಬೇಸಿಗೆಯಲ್ಲಿ ಅವರಲ್ಲೊಬ್ಬಾಕೆಯೇ ಫೋನ್ ಮಾಡಿದಳು. ಹೋಳಿ ಮುಗಿದ ಮೇಲೆ ಬೆನ್‌ಗೆ ಕಾಮಾಲೆ ಆಯಿತು, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟರು. ತಂಗಿ ಒಬ್ಬಳೇ ಇದ್ದಾಳೆ. ವಿಳಾಸ ಬೇಕಾ?

ಅಕ್ಕ ಸತ್ತ ಮೇಲೆ ನನಗೆ ಧೈರ್ಯ ಬಂತು. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಸೂರತ್‌ನ ಉದ್ದನೆಯ ಚಾಳೊಂದರ ಕೊನೆಯ ಕೋಣೆ. ಮಧ್ಯಾಹ್ನ. ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ನೇರಳೆ ಬಣ್ಣದ ಸೀರೆಯೊಂದನ್ನು ಹರಡಿಕೊಂಡು ತಂಗಿ ಅದಕ್ಕೆ ಹೊಳೆಯುವ ಕಲ್ಲುಗಳನ್ನು ಅಂಟಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡವಳೇ ಎದ್ದು ಬಂದು ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು. ಅವಳ ಮುಖದಲ್ಲಿ ಸಂತೋಷ ಬಿಟ್ಟು ಬೇರೇನೂ ಇರಲಿಲ್ಲ. ಚಾಪೆ ಹಾಸಿದಳು, ನೀರು ಕೊಟ್ಟಳು. ನಾನು ಏನು ಹೇಳಲು ಬಂದಿದ್ದೆನೋ ಅದನ್ನು ಹೇಳುವ ಸನ್ನೆ ನನಗೆ ಒಂದೂ ಬರುತ್ತಿರಲಿಲ್ಲ.

ಪಕ್ಕದ ಕೋಣೆಯ ಹೆಂಗಸು ಇಣುಕಿದಳು. ಅವಳೂ ಅದೇ ಕೆಲಸದವಳು, ಜೊತೆಯಲ್ಲಿ ಕೂತು ಕೂತು ಈ ಸನ್ನೆಗಳನ್ನು ಕಲಿತಿದ್ದಳು. "ಏನು ಹೇಳಬೇಕು ಭಾಯಿ? ಹೇಳಿ, ನಾನು ತಿಳಿಸ್ತೀನಿ" ಎಂದು ಗುಜರಾತಿಯಲ್ಲಿ ಕೇಳಿದಳು.

ಈ ಸಲ ಒಂದು ಶಬ್ದವನ್ನೂ ಬದಲಿಸಲಿಲ್ಲ. ಚೀಲದಲ್ಲಿ ತಂದ ಹಾಳೆ, ಹೇಳಿದ ಸುಳ್ಳು, ಬರೆದ ಕಾಗದ, ಶೇಠ್ ಎದುರಿನ ಮಾತು, ಎಲ್ಲ ಹೇಳಿದೆ. ಅಕ್ಕನ ಕಣ್ಣು ಸರಿಯಾಗಿಯೇ ಇತ್ತು, ಅವರು ನನ್ನನ್ನು ನಂಬಿದ್ದರು, ಅಷ್ಟೇ ಅವರು ಮಾಡಿದ ತಪ್ಪು ಎಂದೆ. ಆ ಹೆಂಗಸು ನಡುವೆ ಒಂದೆರಡು ಸಲ ಕೈ ನಿಲ್ಲಿಸಿ ನನ್ನನ್ನು ನೋಡಿದಳು, ಮತ್ತೆ ಮುಂದುವರಿಸಿದಳು.

ತಂಗಿ ಮತ್ತೊಮ್ಮೆ ಹೇಳು ಎಂದು ಸನ್ನೆ ಮಾಡಿದಳು. ಹೆಂಗಸು ಮತ್ತೊಮ್ಮೆ ಹೇಳಿದಳು.

ತಂಗಿ ಮುಂದಿದ್ದ ಸೀರೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅವಳ ಕೈಗಳು ನಿಧಾನವಾಗಿ ಆಡತೊಡಗಿದವು. ಹೆಂಗಸು ಒಂದೊಂದಾಗಿ ಹೇಳುತ್ತ ಹೋದಳು.

"ಹಾಳೆ ಕೆಟ್ಟದು ಅಂತ ಅಕ್ಕನಿಗೆ ನಾನು ಎರಡು ಸಲ ತೋರಿಸಿದ್ದೆ ಅಂತಿದ್ದಾಳೆ. ಅಕ್ಕ ಕೇಳಲಿಲ್ಲವಂತೆ. ಕೆಲಸ ಹೋದ ಮೇಲೆ, ಯಾಕೆ ಒಪ್ಪಿದೆ ಅಂತ ಇವಳು ಕೇಳಿದಳಂತೆ. ಕಣ್ಣು ಕಾಣಲಿಲ್ಲ, ನನ್ನದೇ ತಪ್ಪು ಅಂದಳಂತೆ ಅಕ್ಕ. ನಿಮ್ಮ ಹೆಸರೇ ಎತ್ತಲಿಲ್ಲವಂತೆ."

ತಂಗಿಯ ಕೈ ನಿಂತಿತು. ಮತ್ತೆ ಶುರುವಾಯಿತು.

"ನನ್ನ ಕೈಯಲ್ಲಿದ್ದ ಕೆಲಸ ನಿನ್ನಿಂದ ಹೋಯ್ತು ಅಂತ ಇವಳು ಅಕ್ಕನ ಜೊತೆ ಮಾತು ಬಿಟ್ಟಳಂತೆ. ಅದು ನನಗೂ ಗೊತ್ತು ಭಾಯಿ, ಈ ಕೋಣೆಯಲ್ಲಿ ಇಬ್ಬರೂ ಎರಡು ಗೋಡೆಗೆ ಮುಖ ಮಾಡಿ ಕಲ್ಲು ಅಂಟಿಸ್ತಿದ್ರು. ಆಸ್ಪತ್ರೆಯಲ್ಲಿ..." ಹೆಂಗಸು ತಡೆದಳು. "ಆಸ್ಪತ್ರೆಯಲ್ಲಿ ಕೊನೆಗೆ ಬೆನ್ ಕೈ ಎತ್ತಿ ಏನೋ ಹೇಳೋಕೆ ನೋಡಿದ್ರಂತೆ. ಇವಳು ಮುಖ ತಿರುಗಿಸಿದಳಂತೆ."

ನಾನು ಕೈಮುಗಿದೆ. ತಂಗಿ ಆ ಕೈಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಅವಳ ಗಂಟಲಿನಿಂದ ಒಂದು ಶಬ್ದ ಬಂತು, ನಾನು ಅವಳಿಂದ ಅದುವರೆಗೆ ಕೇಳದಿದ್ದ ಶಬ್ದ. ಸೀರೆಯ ಮೇಲಿದ್ದ ಕಲ್ಲುಗಳು ಚೆಲ್ಲಾಡಿದವು. ಪಕ್ಕದ ಹೆಂಗಸು ಅವಳನ್ನು ತಬ್ಬಿ ಹಿಡಿದುಕೊಂಡು, ತಲೆಯೆತ್ತಿ, "ನೀವು ಹೋಗಿ ಭಾಯಿ. ನಿಮಗೆ ಹೇಳಬೇಕಾಗಿದ್ದು ಹೇಳಿ ಆಯ್ತಲ್ಲ, ಹೋಗಿ" ಎಂದಳು.

ನಾನು ಎದ್ದು ಬಂದೆ. ಅಕ್ಕ ಯಾಕೆ ಅವಳಿಗೆ ನಿಜ ಹೇಳಲಿಲ್ಲ ಎಂದು ನಾನು ಕೇಳಬೇಕಾಗಿಲ್ಲ. ಇದ್ದೊಬ್ಬ ತಂಗಿಯ ಮೌನವನ್ನು ತನ್ನ ಮೇಲೆ ಎಳೆದುಕೊಂಡು, ಆ ತಂಗಿಯ ಮನಸ್ಸಿನಲ್ಲಿ ನಾನು ಕೆಡದಂತೆ ಅವರು ಸಾಯುವವರೆಗೂ ಕಾಪಾಡಿದ್ದರು. ನಾನು ಒಂದು ಮಧ್ಯಾಹ್ನ ಹೋಗಿ, ನನಗೆ ನಿದ್ದೆ ಬರಲಿ ಎಂದು, ಅದನ್ನು ಒಡೆದು ಬಂದೆ. ನಿದ್ದೆಯೇನೋ ಬರುತ್ತಿದೆ.